ಮುಖವೇ ಗುರುತು

ಮೊನ್ನೆ ತಾರಸಿಯ ಮೇಲೆ ಒಣಹಾಕಿದ್ದ ರಾಗಿಯನ್ನು ಬಳಿಯುವಾಗ ಕೈಗೊಂದು ಗರಿ ಸಿಕ್ಕಿತು. ಗೇಣಿಗಿಂತ ಚಿಕ್ಕದು, ನೀಲಿ, ತುದಿ ಮಾತ್ರ ಸುಣ್ಣದಲ್ಲಿ ಅದ್ದಿ ತೆಗೆದಂತೆ ಬಿಳಿ. ಊರ ತುಂಬ ಕಿರುಚಾಡುವ ದೊಡ್ಡ ಗಿಣಿಯ ಬಾಲಕ್ಕೆ ಈ ಬಿಳಿ ತುದಿ ಇರುವುದಿಲ್ಲ. ಇದು ಸಣ್ಣ ಜಾತಿಯದು, ಕೆಂದಲೆ ಗಿಣಿಯದು. ಪಾಂಡವಪುರದ ನಮ್ಮ ಮನೆಯ ಹಿಂದೆ ಹೊಲಗಳಿವೆ; ರಾಗಿ, ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಇವು ಹಿಂಡು ಹಿಂಡಾಗಿ ಬರುತ್ತವೆ. ಗರಿ ಅಲ್ಲಿಂದಲೇ ಬಂದಿರಬೇಕು. ಆದರೂ ನಾನು ಮೊದಲು ಮಾಡಿದ ಕೆಲಸ, ತಾರಸಿಗೆ ಯಾರಾದರೂ ಹತ್ತಿದ್ದರಾ ಎಂದು ಬಾಗಿಲ ಚಿಲಕ ನೋಡಿದ್ದು. ಅನುಮಾನಂ ಪೆದ್ದ ರೋಗಂ ಅನ್ನುತ್ತಾರಲ್ಲ, ಆ ರೋಗ ನನಗೆ ಅಂಟಿದ್ದು ಹುಟ್ಟೂರು ಕಿಕ್ಕೇರಿಯಲ್ಲಿ, ಪಕ್ಕದ ಮನೆಯವಳಿಂದ.

ಅಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಸಂಬಂಧದಲ್ಲಿ ಏನೂ ಆಗಬೇಕಾಗಿರಲಿಲ್ಲ. ಆದರೂ ನಾನು ದೊಡ್ಡವ್ವ ಅನ್ನುತ್ತಿದ್ದೆ, ನಮ್ಮವ್ವ ಅಕ್ಕ ಅನ್ನುತ್ತಿದ್ದಳು. ಹಿತ್ತಲ ಮೋಟುಗೋಡೆಯ ಮೇಲಿಂದ ಸಾರಿನ ಬಟ್ಟಲು ಆ ಕಡೆಯಿಂದ ಈ ಕಡೆಗೆ ದಾಟುತ್ತಿತ್ತು, ಒಬ್ಬರ ಮನೆಯ ಎಮ್ಮೆ ಈದರೆ ಗಿಣ್ಣು ಇಬ್ಬರ ಮನೆಯಲ್ಲೂ ಬೇಯುತ್ತಿತ್ತು. ಆದರೆ ವಾಪಸ್ಸು ಹೋದ ಬಟ್ಟಲನ್ನು ಮಗುಚಿ, ತಳ ನೋಡದೆ ದೊಡ್ಡವ್ವ ಒಳಗಿಟ್ಟವಳಲ್ಲ. ಅವಳ ಪಾತ್ರೆಗಳ ತಳದಲ್ಲೆಲ್ಲ ಮೊಳೆಯಲ್ಲಿ ಕೊರೆದ ಮೂರು ಗೀರು. ಅವಳ ಮರದ ತೆಂಗಿನಕಾಯಿಗೆ ಸುಣ್ಣದ ಬೊಟ್ಟು. ಕೋಳಿಗಳ ಒಂದೊಂದು ಉಗುರು ಮೊಂಡು. ಕಲಾಯಿಯವನ ಹತ್ತಿರ ಪಾತ್ರೆ ಕೊಟ್ಟರೆ ಒಲೆ ಆರುವ ತನಕ ಅಲ್ಲೇ ಕೂತಿರುತ್ತಿದ್ದಳು.

ಬೀದಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಕಾರಣ ತಿಳಿಯುವ ತನಕ. ಒಂದು ದಿನ ಅವರೆಕಾಯಿ ಸುಲಿಯುತ್ತಾ ಅವಳೇ ಹೇಳಿದಳು.

“ನೋಡಕ್ ಬಂದೋನು ಒಬ್ಬ ಕಣ್ ಮಗ, ತಾಳಿ ಕಟ್ಟಿದೋನು ಅವನಣ್ಣ. ನಾನು ತಲೆ ಎತ್ತಿ ನೋಡೋ ಒತ್ಗೆ ಮೂರ್ ಗಂಟೂ ಬಿದ್ದೋಗಿತ್ತು.”

ದೊಡ್ಡಪ್ಪನ ಜೊತೆ ಅವಳು ಜಗಳವಿಲ್ಲದೆ ಬಾಳಿದಳು. ಹೊತ್ತುಹೊತ್ತಿಗೆ ಮುದ್ದೆ ಇಕ್ಕಿದಳು, ಕೊನೆಗಾಲದಲ್ಲಿ ಎತ್ತಿ ಕೂರಿಸಿ ನೀರು ಹೊಯ್ದಳು. ಅವನ ಬಗ್ಗೆ ಒಳ್ಳೆಯದೋ ಕೆಟ್ಟದ್ದೋ ಒಂದು ಮಾತಾಡಿದ್ದು ಮಾತ್ರ ನಾನು ಕೇಳಲಿಲ್ಲ…

ಗಿಣಿ ಬಂದದ್ದು ದೊಡ್ಡಪ್ಪ ಸತ್ತ ಮೇಲೆ. ಗಾಳಿಮಳೆಗೆ ಹೊಲದ ಬದುವಿನ ಒಣಮರ ಮುರಿದು ಬಿದ್ದು, ಪೊಟರೆಯೊಳಗೆ ಒಂದು ಮರಿ ಉಳಿದಿತ್ತು. ಮೈತುಂಬ ಮುಳ್ಳುಮುಳ್ಳಾದ ಎಳೆಗರಿ. ಗಿಣಿ ಸಾಕುವುದು ಕಾನೂನಿಗೆ ವಿರುದ್ಧ ಎಂದು ನಮ್ಮ ಬೀದಿಯಲ್ಲಿ ಆಗ ಯಾರಿಗೂ ಗೊತ್ತಿರಲಿಲ್ಲ. ದೊಡ್ಡವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದು, ನೆನೆಸಿದ ಕಡಲೆಯನ್ನು ಅಗಿದು ಬೆರಳ ತುದಿಯಲ್ಲಿ ತಿನ್ನಿಸಿ ಬದುಕಿಸಿದಳು. ಹಸಿರು ಮೈ, ಬೂದಿ ಬಳಿದಂಥ ತಲೆ, ಹಳದಿ ಕೊಕ್ಕು. ಪುಟ್ಟಿ ಎಂದು ಹೆಸರಿಟ್ಟಳು. ಅದು ದೊಡ್ಡ ಗಿಣಿಯ ಹಾಗೆ ಅರಚುತ್ತಿರಲಿಲ್ಲ, “ಟುಯಿ” ಎಂದು ಮೆತ್ತಗೆ ಕೇಳುತ್ತಿತ್ತು. ಅವಳು ಹತ್ತಿರ ಹೋದರೆ ಸಾಕು, ತಲೆ ಬಗ್ಗಿಸಿ ಕತ್ತನ್ನು ಪಂಜರದ ಕಂಬಿಗೆ ಒತ್ತುತ್ತಿತ್ತು, ಕೆರೆಯಲಿ ಎಂದು. ಯಾರನ್ನೂ ನಂಬದವಳು ಆ ಹಿಡಿಯಷ್ಟು ಜೀವಕ್ಕೆ ಮನಸ್ಸು ಪೂರ್ತಿ ಕೊಟ್ಟುಬಿಟ್ಟಿದ್ದಳು. ನೋಡಿ ನಮಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಮಾರನೆಯ ವರ್ಷ ಯುಗಾದಿ ಕಳೆದ ಮೇಲೆ, ನಾಗಮಂಗಲದಲ್ಲಿದ್ದ ಮಗಳ ಎರಡನೆಯ ಬಾಣಂತನಕ್ಕೆ ದೊಡ್ಡವ್ವ ಹೊರಟಳು. ಗಿಣಿಯನ್ನು ನಮ್ಮವ್ವನ ಕೈಗೆ ಕೊಟ್ಟಳು. “ಕಾಲಿಗೊಂದು ದಾರ ಕಟ್ಟೋಗಕ್ಕ, ನಿನ್ ಸಮಾಧಾನಕ್ಕೆ” ಎಂದು ಅವ್ವ ರೇಗಿಸಿದಳು.

“ಇದ್ರ ಮೊಕನೇ ಗುರ್ತು ಕಣಮ್ಮಿ. ಸಾವ್ರ ಗಿಣಿ ತಂದು ಮುಂದೆ ಬುಟ್ರೂ ಇಡಿತೀನಿ” ಅಂದಳು ದೊಡ್ಡವ್ವ. ಅವಳು ಗುರುತು ಹಾಕದೆ ಬಿಟ್ಟುಹೋದದ್ದು ಅದೊಂದನ್ನೇ.

ನಾನು ಆಗ ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಆಮೇಲಿನದು ಅವ್ವ ಹೇಳಿದ್ದು. ಮಳೆಗಾಲ ಹಿಡಿಯುವ ಹೊತ್ತಿಗೆ ಗಿಣಿ ಗರಿ ಉದುರಿಸತೊಡಗಿತಂತೆ. ಹಣೆಯ ಮೇಲೊಂದು ಕೆಂಪು ಚುಕ್ಕೆ ಕಂಡಿತಂತೆ. ಕಂಬಿಗೆ ತಲೆ ಉಜ್ಜಿ ಗಾಯ ಮಾಡಿಕೊಂಡಿದೆ ಎಂದು ಅವ್ವ ಅರಿಸಿನ ಹಚ್ಚಿದಳು. ಚುಕ್ಕೆ ಎರಡಾಯಿತು, ತೇಪೆ ತೇಪೆಯಾಗಿ ಹರಡಿತು. ಬಾಣಂತಿ ಮನೆಯಲ್ಲಿರುವವಳಿಗೆ ಯಾಕೆ ಗಾಬರಿ ಎಂದು ಅವ್ವ ನಾಗಮಂಗಲಕ್ಕೆ ಸುದ್ದಿ ಕಳಿಸಲಿಲ್ಲ. ಗೌರಿಹಬ್ಬದ ಹೊತ್ತಿಗೆ ಬೂದಿ ತಲೆ ಪೂರಾ ಹೋಗಿ, ನೇರಳೆ ಬೆರೆತ ಕೆಂಪು ತಲೆ, ಕತ್ತಿಗೊಂದು ಕರಿಪಟ್ಟಿ, ರೆಕ್ಕೆಯ ಮೇಲೆ ಕೆಂಪು ಮಚ್ಚೆ ಬಂದಿತ್ತು. ಸಾಲದ್ದಕ್ಕೆ ಸಿಳ್ಳೆ ಬೇರೆ ಕಲಿತಿತ್ತು.

ದೊಡ್ಡವ್ವ ಬಂದಿಳಿದ ದಿನ ನಾನೂ ಹಬ್ಬಕ್ಕೆ ಊರಲ್ಲಿದ್ದೆ. ಬ್ಯಾಗು ಜಗಲಿಯ ಮೇಲೆ ಬಿಸಾಕಿ ಪಂಜರದ ಮುಂದೆ ನಿಂತಳು. ತುಂಬ ಹೊತ್ತು ನಿಂತಳು. ಗಿಣಿ ತಲೆ ಬಗ್ಗಿಸಿ ಕತ್ತು ಒತ್ತಿತು. ಅವಳು ಕೈ ಚಾಚಲಿಲ್ಲ.

“ನಂದೆಲ್ಲಿ?” ಅಂದಳು.

ಅದೇ ಇದು, ತಾನಾಗೇ ಕೆಂಪಾಯಿತು ಎಂದು ಅವ್ವ ಒಂದಕ್ಕೆ ಹತ್ತು ಸಲ ಹೇಳಿದಳು. ಹೇಳಿದಷ್ಟೂ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಬೀದಿಯವರು ಸೇರಿದರು. “ತಲೆ ನರೆಯೋದು ಕೇಳಿವಿ, ಕೆಂಪಾಗೋದ ಕೇಳಿಲ್ಲ ಬುಡವ್ವ” ಎಂದು ಒಬ್ಬರು ಅಂದರು; ಎಲ್ಲರೂ ನಕ್ಕರು. ಹಾರಿಹೋಯಿತೋ, ಬೆಕ್ಕು ಹಿಡಿಯಿತೋ, ಸಂತೆಯಿಂದ ಬೇರೆ ತಂದಿಟ್ಟಿದ್ದಾಳೆ ಎಂದು ಬೀದಿ ತೀರ್ಮಾನ ಮಾಡಿತು. ನಿಜ ಹೇಳಬೇಕೆಂದರೆ ನನಗೂ ಅವ್ವನ ಮಾತು ಗಂಟಲಲ್ಲಿ ಇಳಿಯಲಿಲ್ಲ. ಪಂಜರದ ಬಾಗಿಲ ಕೊಂಡಿ ಸಡಿಲವಾಗಿರುವುದನ್ನು ನಾನು ಗುಟ್ಟಾಗಿ ನೋಡಿಕೊಂಡೆ…

ದೊಡ್ಡವ್ವ ಕೂಗಾಡಲಿಲ್ಲ. “ತಂದಿಕ್ದೋರ್ ತಪ್ಗೆ ಅದೇನ್ ಮಾಡಾತು” ಎಂದು ಪಂಜರ ಎತ್ತಿಕೊಂಡು ಹೋದಳು. ಅಂದಿನಿಂದ ಬಟ್ಟಲು ಗೋಡೆ ದಾಟಲಿಲ್ಲ. ಎದುರಿಗೆ ಬಂದರೆ ಅವ್ವ ತಲೆ ತಗ್ಗಿಸುತ್ತಿದ್ದಳು, ತಪ್ಪು ಮಾಡಿದವಳ ಹಾಗೆ. ಅದನ್ನು ನೋಡಿದರೆ ನನ್ನ ಅನುಮಾನ ಇನ್ನಷ್ಟು ಬಲಿಯುತ್ತಿತ್ತು.

ಗಿಣಿ ಆ ಮನೆಯಲ್ಲಿ ಆಮೇಲೆ ಏಳೆಂಟು ವರ್ಷ ಇತ್ತು. ಕಾಳು, ನೀರು, ಹಸಿಮೆಣಸಿನಕಾಯಿ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಪುಟ್ಟಿ ಎಂದು ಕರೆಯಲಿಲ್ಲ, ಮುಟ್ಟಲಿಲ್ಲ. ರಜೆಗೆ ಬಂದಾಗ ಗೋಡೆಯ ಮೇಲಿಂದ ನೋಡುತ್ತಿದ್ದೆ: ಅವಳು ಹತ್ತಿರ ಹೋದಾಗಲೆಲ್ಲ ಅದು ತಲೆ ಬಗ್ಗಿಸಿ ಕಾಯುತ್ತಿತ್ತು. ಅವಳು ಕಾಳು ಹಾಕಿ ಒಳಗೆ ಹೋಗುತ್ತಿದ್ದಳು. ಅದು ಸತ್ತಾಗ ನುಗ್ಗೆಮರದ ಬುಡದಲ್ಲಿ ಹೂಳಿ, “ಯಾರ್ದೋ ಏನೋ ಪಾಪ” ಅಂದಳಂತೆ.

ನಾಲ್ಕೈದು ವರ್ಷದ ಹಿಂದೆ, ಪಾಂಡವಪುರದ ಮನೆಯ ಹಿಂದಿನ ಜೋಳದ ಹೊಲಕ್ಕೆ ಹಿಂಡು ಇಳಿದಿತ್ತು. ಕೆಂಪು ತಲೆಯವು ಗಂಡು, ಬೂದಿ ತಲೆಯವು ಹೆಣ್ಣು ಎಂದಷ್ಟೇ ನನಗೆ ಗೊತ್ತಿತ್ತು. ಒಂದು ಮಾತ್ರ ಎರಡೂ ಅಲ್ಲ. ಬೂದಿ ತಲೆಯ ತುಂಬ ಕೆಂಪು ತೇಪೆ. ಅನುಮಾನ ಬಂದು ದಿನಾ ತಾರಸಿ ಹತ್ತಿದೆ. ಇನ್ನೂ ಎರಡು ಮೂರು ಅಂಥವು ಕಂಡವು. ಹಕ್ಕಿಗಳನ್ನು ಬಲ್ಲ ಮೇಷ್ಟರೊಬ್ಬರನ್ನು ಕೇಳಿದರೆ, ಗಂಡುಮರಿಯ ತಲೆಯೂ ಮೊದಲು ಬೂದಿಯೇ ಇರುತ್ತದೆ, ಪ್ರಾಯಕ್ಕೆ ಬಂದಾಗ ಗರಿ ಬದಲಿಸಿ ಕೆಂಪಾಗುತ್ತದೆ ಅಂದರು. ನನಗೆ ಅಲ್ಲೇ ಅಳು ಬಂತು. ಪುಟ್ಟಿ ಗಂಡಾಗಿತ್ತು, ಬೆಳೆದಿತ್ತು, ಅಷ್ಟೇ.

ಅವ್ವನಿಗೆ ಫೋನು ಮಾಡಿದೆ. ಅವಳು ಕಿಕ್ಕೇರಿಯ ಅದೇ ಮನೆಯಲ್ಲಿ ನನ್ನ ತಮ್ಮನ ಜೊತೆ ಹಸು ಕಟ್ಟಿಕೊಂಡು ಗಟ್ಟಿಮುಟ್ಟಾಗಿದ್ದಳು. “ನಾನೇಳಿದ್ರೆ ನಂಬಾಕಿಲ್ಲ. ನೀನೋಗಿ ಯೋಳು” ಅಂದಳು.

ಮುಂದಿನ ಭಾನುವಾರವೇ ಕಿಕ್ಕೇರಿಗೆ ಹೋದೆ. ದೊಡ್ಡವ್ವ ಜಗಲಿಯಲ್ಲಿ ಹುರುಳಿ ಆರಿಸುತ್ತಿದ್ದಳು. ಹೇಳಿದೆ. ಫೋನಿನಲ್ಲಿ ತೆಗೆದಿದ್ದ ತೇಪೆ ತಲೆಯ ಗಿಣಿಯನ್ನು ತೋರಿಸಿದೆ.

“ನಿಮ್ಮವ್ವ ಕಳ್ಸುದ್ಲಾ?” ಎಂದು ಮೊದಲು ಕೇಳಿದಳು. ಆಮೇಲೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

“ಅಂಗಾರೆ ಅಷ್ಟ್ ವರ್ಸ ನನ್ ಮುಂದೆ ತಲೆ ಬಗ್ಗುಸ್ಕಂಡಿದ್ದು…”

ನಾನು ಹೂಂ ಅನ್ನುವಷ್ಟರಲ್ಲಿ ಫೋನನ್ನು ನನ್ನ ಕೈಗೆ ತುರುಕಿದಳು.

“ಬ್ಯಾಡ ಮಗ. ಅದಲ್ಲ ಇದು ಅಂತ್ಲೇ ಇರ್ಲಿ ಬುಡು. ನೀನು ಬರ್ನಿಲ್ಲ, ನಾನು ಕೇಳ್ನಿಲ್ಲ.”

ಮತ್ತೆ ಹುರುಳಿ ಆರಿಸತೊಡಗಿದಳು. ಕಲ್ಲನ್ನೂ ಕಾಳನ್ನೂ ಒಂದೇ ಕಡೆ ಹಾಕುತ್ತಿದ್ದಳು.

ನಮ್ಮ ಮನೆಯ ಹಿತ್ತಲಲ್ಲಿ, ಹಸುವಿನ ಹತ್ತಿರ ಅವ್ವ ಕಾಯುತ್ತಿದ್ದಳು. “ಏನಂದ್ಲು?” ಅಂದಳು. ಮೈ ಸರಿಯಿಲ್ಲ ಮಲಗಿದ್ದಾಳೆ, ಇನ್ನೊಂದು ಸಲ ಹೇಳುತ್ತೇನೆ ಅಂದೆ. ಆ ಇನ್ನೊಂದು ಸಲ ಬರಲಿಲ್ಲ. ಕಳೆದ ವರ್ಷ ದೊಡ್ಡವ್ವ ಹೋದಳು. ಅವ್ವ ಹೆಣದ ಕಾಲ ಹತ್ತಿರ ಕೂತು ಬಾಯಿ ಬಡಿದುಕೊಂಡು ಅತ್ತಳು. ಅಷ್ಟೊಂದು ಅಳುವುದನ್ನು ಕಂಡು ಬೀದಿಯವರು ಆಗಲೂ ಅನುಮಾನದಿಂದ ಮುಖ ಮುಖ ನೋಡಿಕೊಂಡರು.

ಈಗ ಯಾವಾಗ ಊರಿಗೆ ಹೋದರೂ ಅವ್ವ ಅದೇ ಮಾತು ತೆಗೆಯುತ್ತಾಳೆ. “ಒಂದ್ಸಲ ಅವ್ಳ ಕಿವಿಗ್ ಬಿದ್ದಿದ್ರೆ ಸಾಕಿತ್ತು ಕಣ್ ಮಗ. ಅಕ್ಕ ಓಡ್ಬತ್ತಿದ್ಲು ನನ್ತಾವ್ಕೆ.”

ಹೂಂ ಅವ್ವ, ಬರುತ್ತಿದ್ದಳು ಅನ್ನುತ್ತೇನೆ.