ಗರಗರ ಅನ್ನುವ ಡಬ್ಬಿ

ನಮ್ಮೂರು ಹಾನಗಲ್ಲಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಕಾಕಾ ದೋಷ ಹುಡುಕುವಾಗ ಸ್ಪೀಕರಿಗೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ನನಗೆ ಬೆಸುಗೆ ಕಲಿಸಿದವರೂ ಅವರೇ. "ಅವಸರ ಮಾಡಿದ್ರ ಬೆಸುಗಿ ಹಿಡಿಯಂಗಿಲ್ಲೋ ತಮ್ಮಾ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾನು ಮುಂಬೈಯಿಂದ ಬಿಡಿಭಾಗ ತರಿಸಿ, ಗಿಟಾರಿನ ದನಿಯನ್ನು ಬೇಕೆಂದೇ ಗರಗರ ಒಡಕು ಮಾಡುವ, ಕಾಲಿನಿಂದ ಒತ್ತುವ ಪೆಡಲ್ ಡಬ್ಬಿಯೊಂದನ್ನು ಮನೆಯಲ್ಲೇ ಜೋಡಿಸಿದೆ. ಮೊದಲ ಸಲಕ್ಕೇ ನುಡಿಯಿತು. ನನ್ನ ಕೈ ಅಂಥದ್ದು! ಚೇಷ್ಟೆ ಮಾಡಿ ಅರ್ಧ ಊರನ್ನೇ ಬೇಸ್ತು ಬೀಳಿಸಿದವನು ಗುರುವನ್ನು ಬಿಟ್ಟೇನೆಯೇ? ಗಿಟಾರಿನ ಸಮೇತ ಅದನ್ನು ಅವರ ಮೇಜಿನ ಮೇಲಿಟ್ಟು, "ನಾನ ಜೋಡಿಸಿದ್ದು, ಗರಗರ ಅಂತೈತ್ರಿ ಕಾಕಾರ, ರಿಪೇರಿ ಮಾಡ್ರಿ" ಎಂದು ಮುಖ ಸಣ್ಣ ಮಾಡಿ ಬಂದೆ.

ಸಂಜೆ ಹೋದರೆ, ಅವರು ಬೇರೆ ಯಾವ ರೇಡಿಯೊವನ್ನೂ ಮುಟ್ಟಿರಲಿಲ್ಲ.

"ನಿನ್ನ ಬೆಸುಗಿ ಎಲ್ಲಾ ಛಲೋ ಅದಾವು. ದೋಷನ ಸಿಗವಲ್ದು. ನನ್ನ ಕಿವಿನ ಹೋದ್ವು ಕಾಣತೈತಿ" ಎಂದರು. "ನಾಳಿಂದ ಅಂಗಡಿ ಯಾಕ ತೆಗೀಲಿ?"

ನಗಬೇಕೆಂದೇ ಬಂದಿದ್ದವನು ಡಬ್ಬಿಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಕಾಕಾರ, ಅದನ್ನ ಗರಗರ ಅನ್ನಾಕಂತನ ಮಾಡೀನ್ರಿ. ನಾನ ಚ್ಯಾಷ್ಟಿ ಮಾಡಿದೆ" ಎಂದೆ.

ಬೈಗುಳಕ್ಕೆ ಕಾದು ನಿಂತೆ. ಅವರು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು:

"ಹಂಗಾರ, ಕಿವಿ ಹೋಗಿಲ್ಲೇನೋ?"