ಯಾರೋ ತೊಳೆದ ಚೈನು

ಸೂರತ್ತಿಗೆ ವರ್ಗವಾಗಿ ಬಂದ ಮೇಲೆ ನನ್ನ ಮೋಟರ್‌ಸೈಕಲ್ಲಿಗೆ ಕೆಲಸವೇ ಇಲ್ಲದಂತಾಯಿತು. ಬ್ಯಾಂಕಿನ ಶಾಖೆ ಅಡಾಜಣ್‌ನಲ್ಲಿ, ಬಾಡಿಗೆಯ ಫ್ಲಾಟೂ ಅಡಾಜಣ್‌ನಲ್ಲಿ. ನಡೆದು ಹೋದರೂ ಡಬ್ಬಿಯೊಳಗಿನ ಚಪಾತಿ ಆರುವುದರೊಳಗೆ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದ ಗಾಡಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸುಮ್ಮನೆ ನಿಂತಿತ್ತು. ಸ್ಪೀಡೋಮೀಟರಿನ ಕೇಬಲ್ಲು ಕಡಿದಿತ್ತು. ನಿಂತ ಗಾಡಿಗೆ ಅದೇಕೆ ಎಂದು ಹಾಕಿಸಲೂ ಇಲ್ಲ.

ಆದರೂ ಒಂದು ಭಾನುವಾರ ಬಿಟ್ಟು ಇನ್ನೊಂದು ಭಾನುವಾರ ಅದರ ಚೈನು ತೊಳೆಯುವುದನ್ನು ನಾನು ತಪ್ಪಿಸುತ್ತಿರಲಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ಕೆಳಗೆ ರಟ್ಟು ಹಾಸಿ, ಕೀಲಿ ಕಿಸೆಗೆ ಹಾಕಿಕೊಂಡು ಕೂರುವುದು. ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಡೀಸೆಲ್ಲಿನಲ್ಲಿ ಅದ್ದಿ, ಎಡಗೈಯಿಂದ ಹಿಂದಿನ ಚಕ್ರ ತಿರುಗಿಸುತ್ತ ಬಲಗೈಯಿಂದ ಕೊಂಡಿ ಕೊಂಡಿಯನ್ನೂ ಉಜ್ಜುವುದು. ಕರೀ ನೀರು ರಟ್ಟಿನ ಮೇಲೆ ಇಳಿಯುವುದನ್ನು ನೋಡುವುದೇ ಒಂದು ಸಮಾಧಾನ. ಆಮೇಲೆ ಹರಿದ ಬನಿಯನ್ನಿನಿಂದ ಒರೆಸಬೇಕು. ಬನಿಯನ್ನೇ ಆಗಬೇಕು, ಹತ್ತಿಯದು. ಈ ಊರಿನಲ್ಲಿ ಸಿಗುವ ಸೀರೆಯ ಚಿಂದಿಯೆಲ್ಲ ಪಾಲಿಯೆಸ್ಟರು, ಅದು ಎಣ್ಣೆಯನ್ನು ಹೀರುವುದಿಲ್ಲ, ಬರೀ ಸವರುತ್ತದೆ. ಕೊನೆಗೆ ಗಿಯರ್ ಆಯಿಲ್, ಜೇನಿನಷ್ಟು ದಪ್ಪನೆಯದು, ಒಳಬದಿಗೆ ಹನಿ ಹನಿಯಾಗಿ. ಹೆಂಡತಿ ಇದಕ್ಕೆ ‘ನಿಮ್ಮ ಅಭಿಷೇಕ’ ಎನ್ನುತ್ತಿದ್ದಳು.

ನನ್ನ ಸ್ವಭಾವವನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ಸಂಶಯದ ಮನುಷ್ಯ. ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ನೋಡುವುದು ನನ್ನ ಕೆಲಸ. ಸಹಿ ಸರಿಯಿದ್ದರೆ ಯಾಕೆ ಇಷ್ಟು ಸರಿಯಿದೆ ಎಂದು ಇನ್ನೊಮ್ಮೆ ನೋಡುವವನು. ಹಾಲಿನವನು ಅಳತೆಗಿಂತ ಹೆಚ್ಚು ಹಾಕಿದರೂ ನನಗೆ ನಿದ್ದೆ ಬರುವುದಿಲ್ಲ. ಇದರಿಂದ ಬ್ಯಾಂಕಿಗೆ ಲಾಭವಾಗಿದೆ, ಮನೆಗೆ ಆಗಿಲ್ಲ.

ಆ ಚಳಿಗಾಲದಲ್ಲಿ ನಮಗಿದ್ದದ್ದು ಒಂದೇ ವಿಚಾರ. ಬೇಸಿಗೆಗೆ ನನ್ನ ಅವಧಿ ಮುಗಿಯುತ್ತಿತ್ತು, ಮತ್ತೆ ಹುಬ್ಬಳ್ಳಿ ಕಡೆಗೆ ವರ್ಗ ಸಿಗುವ ಮಾತು ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಗಾಡಿಯನ್ನು ಮತ್ತೆ ರೈಲಿಗೆ ಹಾಕುವ ತಾಪತ್ರಯ ಬೇಡವೆಂದು ನನ್ನ ಶಾಖೆಯ ಸಹೋದ್ಯೋಗಿಯೊಬ್ಬರಿಗೆ ಮಾರುವುದೆಂದು ಮಾತಾಡಿಟ್ಟಿದ್ದೆ. ಹೆಂಡತಿಗೆ ಹೇಳಿದಾಗ ಅವಳು ಹ್ಞೂಂ ಅಂದಳು. ಊರಿಗೆ ಹೋಗುವ ಸುದ್ದಿಗೆ ಅಷ್ಟು ಸಣ್ಣ ಹ್ಞೂಂ ಯಾಕೆ ಎಂದು ಅನ್ನಿಸಿತು. ಅನ್ನಿಸಿದ್ದನ್ನು ಮನಸ್ಸಿನಲ್ಲಿ ತೆಗೆದಿಟ್ಟೆ, ಕೇಳಲಿಲ್ಲ.

ಅದರ ನಂತರದ ಒಂದು ಭಾನುವಾರ ಬ್ರಶ್ಶು ಹಿಡಿದು ಕೂತವನಿಗೆ ಕರೀ ನೀರು ಬರಲಿಲ್ಲ. ಚಕ್ರ ಪೂರ್ತಿ ತಿರುಗಿಸಿದೆ. ಡೀಸೆಲ್ಲು ಬಟ್ಟಲಿನಲ್ಲಿ ಹೇಗಿತ್ತೋ ರಟ್ಟಿನ ಮೇಲೂ ಹಾಗೇ ಇಳಿಯಿತು. ಗಾಡಿ ನಿಂತೇ ಇದ್ದರೂ ನೆಲಮಾಳಿಗೆಯ ಧೂಳಾದರೂ ಕೂರಬೇಕು, ಅದೂ ಇಲ್ಲ. ಬೆರಳಿಗೆ ಹತ್ತಿದ ಎಣ್ಣೆ ತೆಳ್ಳಗಿತ್ತು, ಬಣ್ಣವೇ ಇರಲಿಲ್ಲ. ನಾನು ಹಾಕಿದ್ದಲ್ಲ. ಯಾರೋ ನನ್ನ ಚೈನು ತೊಳೆದಿದ್ದರು.

ಕದ್ದರೆ ಕಳ್ಳ ಎನ್ನಬಹುದು. ತೊಳೆದಿಟ್ಟವನಿಗೆ ಏನನ್ನುವುದು? ಹೊಲಸು ಮಾಡಿದವನೇ ಹೊಲಸು ತೆಗೆಯುತ್ತಾನೆ ಎಂದು ನನ್ನ ತಲೆ ಓಡಿತು. ಯಾರೋ ಗಾಡಿ ಓಡಿಸುತ್ತಿದ್ದಾರೆ, ಓಡಿಸಿದ ಗುರುತು ಅಳಿಸುತ್ತಿದ್ದಾರೆ. ಟ್ಯಾಂಕು ಅಲ್ಲಾಡಿಸಿ ನೋಡಿದೆ, ಪೆಟ್ರೋಲು ಇದ್ದಷ್ಟೇ ಇದೆ. ಇದು ನನ್ನ ಸಂಶಯವನ್ನು ಇನ್ನೂ ಹೆಚ್ಚು ಮಾಡಿತು. ಇಷ್ಟು ಜಾಗರೂಕನಾದ ಕಳ್ಳ ಸಾಮಾನ್ಯನಲ್ಲ.

ಮೊದಲು ವಾಚ್‌ಮನ್ನನನ್ನು ಹಿಡಿದೆ. ನೇರವಾಗಿ ಕೇಳಿದರೆ ಎಚ್ಚರವಾಗುತ್ತಾನೆಂದು, ಗಾಡಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದೀಯಾ ಎಂದು ಸುತ್ತು ಬಳಸಿ ಹಿಂದಿಯಲ್ಲಿ ಕೇಳಿದೆ. ಹೊರಗಿನವರು ಯಾರೂ ಮುಟ್ಟಿಲ್ಲ ಸಾಹೇಬರೇ ಎಂದ. ಯಾರೂ ಮುಟ್ಟಿಲ್ಲ ಎನ್ನಬೇಕಾದವನು ಹೊರಗಿನವರು ಮುಟ್ಟಿಲ್ಲ ಎಂದದ್ದೇಕೆ? ಆ ಮಾತನ್ನೂ ತೆಗೆದಿಟ್ಟೆ. ಆಮೇಲೆ ಮೇಲಿನ ಮನೆಯ ಕಾಲೇಜು ಹುಡುಗ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅವನ ಉಗುರು ನೋಡುತ್ತಿದ್ದೆ. ಪಾಪ, ಅವನು ಎರಡು ದಿನ ನೋಡಿ, ಮೂರನೆಯ ದಿನ ಕೈಗಳನ್ನು ಕಿಸೆಯಲ್ಲಿಟ್ಟುಕೊಂಡ. ನನಗೆ ಅದೂ ಸಾಕ್ಷಿಯೇ.

ಮುಂದಿನ ಸಲ ಬ್ರಶ್ಶು ಮುಟ್ಟುವ ಮೊದಲು ಟಾರ್ಚು ಹಿಡಿದು ನೋಡಿದೆ. ಚೈನು ಮತ್ತೆ ಸ್ವಚ್ಛ. ಆದರೆ ಹಿಂದಿನ ಹಲ್ಲುಚಕ್ರದ ಬುಡದಲ್ಲಿ, ಬಟ್ಟೆ ಹೋಗದ ಸಂದಿಯಲ್ಲಿ, ಏನೋ ಮಿನುಗಿತು. ಸೂಜಿಯಿಂದ ಎಳೆದು ತೆಗೆದೆ. ಬಂಗಾರದ ಬಣ್ಣದ ದಾರ, ಎಣ್ಣೆಯಲ್ಲಿ ನೆನೆದದ್ದು. ಜರಿ. ಅದರ ಜೊತೆಗೆ ಗುಲಾಬಿ ಬಣ್ಣದ ಸಣ್ಣ ನೂಲಿನ ಜೊಂಪೆ. ಅಡಾಜಣ್‌ನ ರಸ್ತೆಯಲ್ಲಿ ಐಸ್‌ಕ್ರೀಮಿನ ಕಾಗದ ಹಾರಾಡುತ್ತದೆ, ಜರಿ ಹಾರಾಡುವುದಿಲ್ಲ. ಅದು ಹಾರಾಡುವುದು ನದಿಯ ಆಚೆ, ಉಧ್ನಾದಂಥ ಮಗ್ಗಗಳಿರುವ ಕಡೆ.

ಆ ದಾರವನ್ನು ಕೈಯಲ್ಲಿ ಹಿಡಿದುಕೊಂಡೇ ಮೇಲೆ ಬಂದೆ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಅದಕ್ಕೆ ಎಣ್ಣೆ ಬಿಡುತ್ತಿದ್ದಳು. ತೆಳ್ಳನೆಯ, ಬಣ್ಣವಿಲ್ಲದ ಎಣ್ಣೆ. ವಾಸನೆ ಗುರುತು ಸಿಕ್ಕಿತು. ದಾರವನ್ನು ಅಂಗಿಯ ಕಿಸೆಗೆ ಹಾಕಿ, ಚಹಾ ಮಾಡು ಅಂದೆ.

ಅವಳ ತವರು ಗುಳೇದಗುಡ್ಡ. ಕುಬಸದ ಖಣ ನೇಯುವ ಮನೆ. ಅವಳಿಗೆ ಗಾಡಿ ಓಡಿಸಲು ಬರುತ್ತದೆಂದು ಮದುವೆಯ ಹೊತ್ತಿಗೇ ಕೇಳಿದ್ದೆ. ಅಣ್ಣನ ಗಾಡಿಯ ಮೇಲೆ ನೂಲಿನ ಕಟ್ಟು ಹೇರಿಕೊಂಡು ಪೇಟೆಗೆ ಹೋಗುತ್ತಿದ್ದಳಂತೆ. ನಮ್ಮ ಮನೆಯಲ್ಲಿ ಅದನ್ನು ತಮಾಷೆಯಾಗಿ ಹೇಳಿ ನಕ್ಕು ಮರೆತಿದ್ದರು, ನಾನೂ ಮರೆತಿದ್ದೆ. ಈಗ ಅವಳು ನನಗೆ ಹೇಳದೆ, ಮನೆಯ ಮೊಳೆಗೆ ತೂಗುವ ಕೀಲಿ ತೆಗೆದುಕೊಂಡು, ನನ್ನ ಗಾಡಿಯ ಮೇಲೆ, ನಾನು ಬ್ಯಾಂಕಿನಲ್ಲಿರುವ ಹೊತ್ತಿನಲ್ಲಿ ಎಲ್ಲಿಗೋ ಹೋಗಿಬರುತ್ತಾಳೆ. ಎಲ್ಲಿಗೆ? ಯಾರ ಹತ್ತಿರ? ಊರಿಗೆ ಹೋಗುವ ಸುದ್ದಿಗೆ ಹ್ಞೂಂ ಅಂದದ್ದು ನೆನಪಾಯಿತು. ನನಗೆ ಭಯವಾಯಿತು. ಸಂಶಯ ನನಗೆ ಹಳೆಯ ಗೆಳೆಯ, ಭಯ ಹೊಸದು.

ಮರುದಿನ ಮುಂಜಾನೆ ಅವಳು ಬಚ್ಚಲಿನಲ್ಲಿದ್ದಾಗ ಅವಳ ಫೋನು ಒಂದು ಸಲ ಮಿನುಗಿ ನಿಂತಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಪದಗಳಿದ್ದವು. ಬಾ, ಉಧ್ನಾ.

ಬಾ ಅಂತೆ. ಬನ್ನಿ ಅಲ್ಲ, ಬರ್ರಿ ಅಲ್ಲ. ಏಕವಚನದಲ್ಲಿ, ಸಲಿಗೆಯಿಂದ, ಕನ್ನಡದಲ್ಲಿ, ಬಾ. ಉಧ್ನಾದಲ್ಲಿ ನನ್ನ ಹೆಂಡತಿಯನ್ನು ಹೀಗೆ ಕರೆಯುವ ಕನ್ನಡದವನು ಯಾರು? ಅದು ಕಳಿಸಿದ ಸಂದೇಶವೋ, ಕರೆ ಮಾಡಿದವರ ಹೆಸರೋ ಎಂದು ನೋಡುವ ವ್ಯವಧಾನವೂ ನನಗಿರಲಿಲ್ಲ. ಬ್ಯಾಂಕಿನಲ್ಲಿ ದಿನಾ ನೂರಾರು ಸಹಿ ನೋಡುವ ಕಣ್ಣು ಅಂದು ಎರಡು ಪದವನ್ನು ಸರಿಯಾಗಿ ನೋಡಲಿಲ್ಲ.

ಮಧ್ಯಾಹ್ನ ತಲೆನೋವೆಂದು ಹೇಳಿ ಬ್ಯಾಂಕಿನಿಂದ ಹೊರಬಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಎದುರಿನ ಚಹಾದಂಗಡಿಯ ಮರೆಯಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ನೆಲಮಾಳಿಗೆಯಿಂದ ಗಾಡಿ ಹೊರಬಂತು, ಓಡಿಸುತ್ತಿದ್ದವಳು ಅವಳೇ. ಈ ಊರಿನ ಹೆಂಗಸರೆಲ್ಲ ಮಾಡುವಂತೆ ಮುಖಕ್ಕೆ ಓಢಣಿ ಸುತ್ತಿ, ಅದರ ಮೇಲೆ ನನ್ನ ಹೆಲ್ಮೆಟ್ಟು. ವಾಚ್‌ಮನ್ ಸಲಾಮು ಹೊಡೆದು ಗೇಟು ತೆಗೆದ. ಹೊರಗಿನವರು ಯಾರೂ ಮುಟ್ಟಿಲ್ಲ ಎಂಬ ಮಾತಿನ ಅರ್ಥ ಆಗ ಆಯಿತು.

ಆಟೋ ಹತ್ತಿ, ಆ ಗಾಡಿಯ ಹಿಂದೆ ಹೋಗು ಅಂದೆ. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ, ಯಾರ ಗಾಡಿ ಎಂದು ಕೇಳಿದ. ನಂದೇ ಅಂದೆ. ಅವನು ಮತ್ತೇನೂ ಕೇಳಲಿಲ್ಲ, ಆದರೆ ಅವನಿಗೂ ಸಂಶಯ ಬಂದದ್ದು ಬೆನ್ನು ನೋಡಿದರೇ ತಿಳಿಯುತ್ತಿತ್ತು. ತಾಪಿಯ ಸೇತುವೆಯ ಮೇಲೆ ಅವಳು ಒಂದು ಟೆಂಪೋವನ್ನು ಹಿಂದೆ ಹಾಕಿದಳು. ಗಿಯರು ಬದಲಿಸಿದ್ದು ಕೇಳಿಸದಷ್ಟು ನಯವಾಗಿ ಓಡಿಸುತ್ತಿದ್ದಳು. ಅಷ್ಟು ಚೆಂದ ನನಗೆ ಬರುವುದಿಲ್ಲ. ಅಷ್ಟು ಸಂಶಯದ ನಡುವೆಯೂ, ಅಬ್ಬಾ ಇವಳೇ ಎಂದು ಒಂದು ಗಳಿಗೆ ಹೆಮ್ಮೆಯೂ ಆಯಿತು.

ಉಧ್ನಾದಲ್ಲಿ ಮಗ್ಗಗಳ ಸದ್ದಿಗೆ ರಸ್ತೆಯೇ ಅದುರುತ್ತಿತ್ತು. ಅವಳು ಒಂದು ಓಣಿಗೆ ತಿರುಗಿದಳು. ಆಟೋ ಬಿಟ್ಟು ನಾನು ನಡೆದು ಹೋಗುವಷ್ಟರಲ್ಲಿ, ತಗಡಿನ ಛಾವಣಿಯ ಶೆಡ್ಡಿನ ಮುಂದೆ ಗಾಡಿ ಮಾತ್ರ ನಿಂತಿತ್ತು. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಗಾಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಚೈನು ನೋಡಿದೆ. ನೂಲಿನ ಜೊಂಪೆ ಹತ್ತಿತ್ತು, ಗುಲಾಬಿ, ಹಳದಿ, ಹಸಿರು. ನಡುವೆ ಜರಿ. ಬೆರಳಿನಿಂದ ಒಂದೊಂದೇ ಬಿಡಿಸತೊಡಗಿದೆ. ಯಾಕೆ ಬಿಡಿಸಿದೆನೋ ಇವತ್ತಿಗೂ ಗೊತ್ತಿಲ್ಲ. ರೂಢಿ.

ತಲೆ ಎತ್ತಿದರೆ ಬಾಗಿಲಲ್ಲಿ ಅವಳು. ಸೆರಗಿನಂತೆ ಓಢಣಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕೂದಲ ಮೇಲೆಲ್ಲ ನೂಲಿನ ಹೊಟ್ಟು. ಅವಳ ಹಿಂದೆ ಬಿಳಿ ಸೀರೆಯ ಒಬ್ಬ ಮುದುಕಿ. ಮುದುಕಿಗೆ ನನ್ನ ಗುರುತಿಲ್ಲ, ಗಾಡಿಗೆ ಏನೋ ಮಾಡುತ್ತಿದ್ದಾನೆಂದು ಕೂಗಲು ಹೊರಟಿದ್ದಳು. ಹೆಂಡತಿ ಅವಳ ಕೈ ಹಿಡಿದು ಗುಜರಾತಿಯಲ್ಲಿ ಏನೋ ಹೇಳಿದಳು. ಅದರಲ್ಲಿ ನನಗೆ ತಿಳಿದದ್ದು ಮೊದಲನೆಯ ಪದ ಒಂದೇ. ಬಾ.

ಬಾ ಎಂದರೆ ಗುಜರಾತಿಯಲ್ಲಿ ಅವ್ವ, ಅಜ್ಜಿ. ನನಗೆ ಗೊತ್ತಿಲ್ಲದ್ದೇನಲ್ಲ. ಬಾ ಅವರ ಪಿಂಚಣಿ ಬಂತಾ ಎಂದು ಬ್ಯಾಂಕಿನ ಕಿಟಕಿಯಲ್ಲಿ ದಿನಾ ಕೇಳುತ್ತಾರೆ, ನಾನೇ ಎಷ್ಟೋ ಮುದುಕಿಯರನ್ನು ಹಾಗೆ ಕರೆದು ಕುರ್ಚಿ ಕೊಟ್ಟಿದ್ದೇನೆ. ಕಿಟಕಿಯ ಆ ಕಡೆ ಗುಜರಾತಿಯಾಗಿದ್ದ ಪದ ನನ್ನ ಮಲಗುವ ಮನೆಯಲ್ಲಿ ಕನ್ನಡವಾಗಿತ್ತು. ಉಧ್ನಾದ ಬಾ ಎಂದು ಅವಳು ಫೋನಿನಲ್ಲಿ ಬರೆದಿಟ್ಟುಕೊಂಡ ಹೆಸರು ಅದು.

ಆ ಬಾ ಜರಿ ಅಂಚು ನೇಯುವ ನಾಲ್ಕಾರು ಮಗ್ಗಗಳ ಒಡತಿ. ಸೀರೆ ಕೊಳ್ಳಲು ಹೋದಾಗ ಅಂಗಡಿಯಲ್ಲಿ ಪರಿಚಯವಾಯಿತಂತೆ. ಕಡಿದ ಎಳೆಗಳನ್ನು ಬೆರಳಲ್ಲೇ ಹೊಸೆದು ಕೂಡಿಸುವುದು, ಖಣದ ಹೂವಿನ ನಮೂನೆಯನ್ನು ಅಂಚಿಗೆ ಇಳಿಸುವುದು ನನ್ನ ಹೆಂಡತಿಯ ಕೆಲಸ. ಗೋಡೆಗೆ ಒರಗಿಸಿಟ್ಟ ಸುರುಳಿಯಲ್ಲಿ ಅವಳು ಇಳಿಸಿದ ಅಂಚು ಇತ್ತು. ಅವಳ ತವರಿನ ಕುಬಸದ ಮೇಲೆ ನಾನು ನೋಡಿದ್ದ ಹೂವೇ.

ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವೆಂದು ಅವಳು ನನ್ನನ್ನು ಓಣಿಯ ತುದಿಗೆ ಕರೆದುಕೊಂಡು ಹೋದಳು. ನಾನು ಕಿಸೆಯಿಂದ ಹಳೆಯ ಜರಿಯ ದಾರ ತೆಗೆದು ತೋರಿಸಿದೆ. ಅದನ್ನು ತೋರಿಸುವಾಗ ನನಗೇ ನಾಚಿಕೆಯಾಯಿತು. ಅವಳು ದಾರವನ್ನೂ ನನ್ನ ಮುಖವನ್ನೂ ನೋಡಿದಳು.

“ನನ್ನ ಕೇಳಬಹುದಿತ್ತಲ್ರೀ,” ಅಂದಳು. “ಚೈನಿಗೆ ಕೇಳಿದ್ರಿ.”

ನಾನು, ನೀನು ಯಾಕೆ ಹೇಳಲಿಲ್ಲ ಎಂದೆ. ಕೇಳಬಾರದಾಗಿತ್ತು. ನಾವು ಸೂರತ್ತಿಗೆ ಬಂದ ಹೊಸತರಲ್ಲಿ ಮಗ್ಗಗಳನ್ನು ನೋಡಿಬರೋಣ ಎಂದು ಅವಳು ಕೇಳಿದ್ದಳು. ಮಗ್ಗ ಬಿಟ್ಟು ಬಂದವಳು ಮತ್ತೆ ಮಗ್ಗಕ್ಕೇ ಹೊರಟೆಯಾ ಎಂದು ನಾನು ನಕ್ಕಿದ್ದೆನಂತೆ. ನನಗೆ ನೆನಪಿಲ್ಲ. ನಕ್ಕಿರುತ್ತೇನೆ.

“ಹೆಂಗೂ ಊರಿಗೆ ಹೋಗೂದೈತಿ,” ಅಂದಳು. “ಬ್ಯಾಸಗಿ ತನಕದ ಮಾತು, ಹೇಳಿ ಯಾಕ ಜಗಳ ಮಾಡೂದು ಅಂತ ಬಿಟ್ಟೆ. ನೀವು ಗಾಡಿ ಮಾರಿದ ಮ್ಯಾಲ ಇನ್ನ ಬರಂಗಿಲ್ಲ ಅಂತ ಬಾಗೂ ಹೇಳಾಕಿ ಇದ್ದೆ.”

ಅವಳು ಅದನ್ನು ಅಳುತ್ತ ಹೇಳಿದ್ದರೆ ನಾನು ಏನಾದರೂ ಸಮಾಧಾನ ಹೇಳುತ್ತಿದ್ದೆ. ಅಕ್ಕಿ ಮುಗಿದಿದೆ ಎನ್ನುವ ಹಾಗೆ ಹೇಳಿದಳು. ಮನೆಗೆ ಬರುವಾಗ ಕೀಲಿ ಅವಳ ಕೈಯಲ್ಲೇ ಇತ್ತು, ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಚೈನು ಕರಕರ ಎನ್ನುತ್ತಿತ್ತು. ತೆಳ್ಳನೆಯ ಎಣ್ಣೆ ಒಂದೇ ಓಟಕ್ಕೆ ಆರಿಹೋಗುತ್ತದೆ.

ಆ ವಾರ ಬ್ಯಾಂಕಿನಲ್ಲಿ ಎರಡು ಕೆಲಸ ಮಾಡಿದೆ. ಮ್ಯಾನೇಜರರಿಗೆ ಹೇಳಿದೆ, ಇನ್ನೊಂದು ಅವಧಿ ಇಲ್ಲೇ ಇರುತ್ತೇನೆಂದು. ಊರಿಗೆ ಹೋಗಲು ಕುಣಿಯುತ್ತಿದ್ದವನು ಇವನೇ ಏನು ಎಂಬಂತೆ ಅವರು ಕನ್ನಡಕ ತೆಗೆದು ನೋಡಿದರು. ಭಾನುವಾರ ಗಾಡಿ ನೋಡಲು ಬರಬೇಕಿದ್ದ ಸಹೋದ್ಯೋಗಿಗೂ ಕ್ಷಮಿಸಿ ಅಂದೆ. ಮನೆಯಲ್ಲಿ ಮಾತ್ರ ಹೇಗೆ ಹೇಳುವುದೆಂದು ತಿಳಿಯದೆ ಭಾನುವಾರದ ತನಕ ಎಳೆದೆ.

ಭಾನುವಾರ ನಾನು ಏಳುವುದರೊಳಗೆ ಅವಳು ಹಾಸಿಗೆಯಲ್ಲಿ ಇರಲಿಲ್ಲ. ಕೆಳಗೆ ಹೋದರೆ ರಟ್ಟು ಹಾಸಿ, ಡೀಸೆಲ್ಲಿನ ಬಟ್ಟಲು ಇಟ್ಟುಕೊಂಡು ಚೈನಿನ ಮುಂದೆ ಕೂತಿದ್ದಳು. ಕರೀ ನೀರು ರಟ್ಟಿನ ಮೇಲೆ ಇಳಿಯುತ್ತಿತ್ತು. ಒರೆಸಲು ಸೀರೆಯ ಚಿಂದಿ. ಗಾಡಿ ನೋಡಲು ಅವತ್ತು ನನ್ನ ಸಹೋದ್ಯೋಗಿ ಬರುತ್ತಾರೆಂದು ಅವಳ ಲೆಕ್ಕ. ಇನ್ನೊಬ್ಬರ ಕೈಗೆ ಕೊಡುವಾಗ ಹೊಲಸು ಕೊಡಬಾರದು ಅಂದಳು.

ನಾನು ಅವಳ ಎದುರಿಗೆ ಕೂತು, ಅವಳ ಕೈಯಿಂದ ಚಿಂದಿ ತೆಗೆದು ನನ್ನ ಹರಿದ ಬನಿಯನ್ನು ಕೊಟ್ಟೆ. ಗಿಯರ್ ಆಯಿಲ್ಲಿನ ಡಬ್ಬಿಯನ್ನೂ ಮುಂದೆ ಇಟ್ಟೆ.

“ದಪ್ಪನ ಎಣ್ಣಿ ಹಾಕು,” ಅಂದೆ. “ನಾಳೆ ಉಧ್ನಾಕ್ಕ ಹೋಗೂದೈತಲ್ಲ. ನಾಡಿದ್ದೂ ಐತಿ. ನಾವ ಎಲ್ಲೂ ಹೋಗಂಗಿಲ್ಲ.”

ಅವಳು ಚಕ್ರ ತಿರುಗಿಸುವುದನ್ನು ನಿಲ್ಲಿಸಿದಳು. ಸಹಿ ಸರಿಯಿದೆಯೋ ಇಲ್ಲವೋ ಎಂದು ನಾನು ಚೆಕ್ಕು ಹಿಡಿದು ನೋಡುತ್ತೇನಲ್ಲ, ಹಾಗೆ ನನ್ನ ಮುಖವನ್ನು ನೋಡಿದಳು. ನೋಡುತ್ತಲೇ ಇದ್ದಳು. ನಾನು ಅಲುಗಾಡದೆ ಕೂತೆ.

ಆಮೇಲೆ ಡಬ್ಬಿಯ ಮುಚ್ಚಳ ತೆಗೆದಳು.