ಮೂರು ಡಿಗ್ರಿ ಕಮ್ಮಿ ತೋರಿಸಿದ ಥರ್ಮಾಮೀಟರ್

ಹಂದಿಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಹುಚ್ಚು ನನಗೆ ಹಿಡಿದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಗೋಣಿಬೀಡಿನಲ್ಲಿ ಒಂದು ಡ್ರಮ್ಮಿಗೆ ಮುಚ್ಚಳ, ಹೊಗೆ ಕೊಳವೆ ವೆಲ್ಡಿಂಗ್ ಮಾಡಿಸಿ ನಮ್ಮ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಇಟ್ಟೆ. ಒಣಗಿದ ಕಾಫಿ ಕಟ್ಟಿಗೆಗಂತೂ ಬರವಿರಲಿಲ್ಲ.

ಮೊದಲ ಸಲವೇ ಅಕ್ಕ ಭಾವನನ್ನು ಊಟಕ್ಕೆ ಕರೆದೆ. ಆರು ಗಂಟೆ ಹೊಗೆ ಕುಡಿದ ತೊಡೆಮಾಂಸ ಹೊರಗೆ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಭಾವ ಚಾಕು ಹಾಕಿದರೆ ಒಳಗಿಂದ ಕೆಂಪು ನೀರು.

"ಇದಿನ್ನೂ ಓಡಾಡ್ತಾ ಇದ್ಯಲ್ಲೋ ಮಾರಾಯ!" ಎಂದರು. ಆ ದಿನ ಎಲ್ಲರೂ ಅಕ್ಕಿರೊಟ್ಟಿಯನ್ನು ಉಪ್ಪಿನಕಾಯಿ ಜೊತೆ ತಿಂದೆವು.

ಮಾಂಸದೊಳಗೆ ಚುಚ್ಚಿಡುವ ಥರ್ಮಾಮೀಟರ್ ಬೇಕೆಂದು ತೀರ್ಮಾನಿಸಿದೆ. ಕಾಫಿ ಕೊಯ್ಲಿನ ಕಾಲ. ನಾನು ಕಣದಲ್ಲೇ ಇರಬೇಕು. ಪದೇಪದೇ ಮುಚ್ಚಳ ತೆಗೆದರೆ ಕಾವೆಲ್ಲ ಹೋಗುತ್ತದೆ. ಹಾಗಾಗಿ ದೂರದಿಂದಲೇ ಕಾವು ತೋರಿಸುವ ವೈರ್‌ಲೆಸ್ಸೇ ಆಗಬೇಕಿತ್ತು.

ಮೊದಲನೆಯದನ್ನು ಮಂಗಳೂರಿನಿಂದ ತಂದೆ. ನೂರಡಿ ದೂರಕ್ಕೂ ಸಿಗ್ನಲ್ ಬರುತ್ತದೆ ಎಂದಿದ್ದರು. ಪಲ್ಪರ್ ಮನೆಯ ಗೋಡೆ ಅಡ್ಡ ಬಂದದ್ದೇ ಕೈಯಲ್ಲಿದ್ದ ಡಬ್ಬಿಯ ಪರದೆಯ ಮೇಲೆ ಬರೀ ಎರಡು ಗೀಟು. ಫೋನ್ ಮಾಡಿದರೆ, "ಅದು ಬಯಲಲ್ಲಿ ಸಾರ್" ಎಂದರು. ಮಲೆನಾಡಿನಲ್ಲಿ ಬಯಲನ್ನು ಎಲ್ಲಿಂದ ತರಲಿ?

ಎರಡನೆಯದು ಬೆಂಗಳೂರಿನ ಒಂದು ಪಾತ್ರೆ ಅಂಗಡಿಯದು. ಸಿಗ್ನಲ್ ಕಣದ ಆಚೆ ತುದಿಗೂ ಬಂತು. ಆದರೆ ಈ ಸಲ ಪರೀಕ್ಷಿಸದೆ ನಂಬುವವನಲ್ಲ ನಾನು. ಕುದಿಯುವ ನೀರಿಗೆ ಅದರ ಚುಚ್ಚುವ ಕಡ್ಡಿ ಅದ್ದಿದೆ. ತೊಂಬತ್ತೇಳು! ಪಾತ್ರೆ ಬದಲಾಯಿಸಿದೆ, ಒಲೆ ಬದಲಾಯಿಸಿದೆ. ತೊಂಬತ್ತೇಳೇ. ಸಿಟ್ಟು ನೆತ್ತಿಗೇರಿ ಬೆಂಗಳೂರಿಗೆ ಮಧ್ಯಾಹ್ನದ ಬಸ್ಸು ಹಿಡಿದೆ.

ಅಂಗಡಿಯ ಯಜಮಾನರು ತಾಳ್ಮೆಯ ಮನುಷ್ಯ. ಅಲ್ಲೇ ನೀರು ಕುದಿಸಿ ನೋಡಿದರು. ಅಲ್ಲೂ ತೊಂಬತ್ತೇಳು.

"ನೋಡಿದ್ರಾ? ಮೂರು ಡಿಗ್ರಿ ಸುಳ್ಳು!" ಎಂದು ಗಿರಾಕಿಗಳೆಲ್ಲ ತಿರುಗಿ ನೋಡುವಂತೆ ಕೂಗಿದೆ. ಅವರು ತಲೆತಗ್ಗಿಸಿ ಬೇರೆ ಕಂಪನಿಯದು ಕೊಟ್ಟರು. ಅದು ಸರಿಯಾಗಿ ನೂರು ತೋರಿಸಿತು.

ಮನೆಗೆ ಬಂದು ಹೆಂಡತಿಯ ಮುಂದೆ ಮತ್ತೆ ನೀರು ಕುದಿಸಿ ತೋರಿಸಿದೆ. ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್.

"ನೂರು ತೋರಿಸ್ತಿದ್ಯಾ? ಹಾಗಾದ್ರೆ ಇದು ಕೆಟ್ಟಿದೆ," ಎಂದಳು.

"ಏನು?"

"ನೂರಕ್ಕೆ ಕುದಿಯೋದು ಸಮುದ್ರದ ಹತ್ರ. ನಾವಿರೋದು ಮೂರು ಸಾವಿರ ಅಡಿ ಮೇಲೆ ಮಾರಾಯ್ರೆ. ಇಲ್ಲಿ ತೊಂಬತ್ತೇಳಕ್ಕೇ ಕುದಿಯುತ್ತೆ. ಬೆಂಗಳೂರಲ್ಲೂ ಹೆಚ್ಚುಕಮ್ಮಿ ಅಷ್ಟೇ."

"ಮೊನ್ನೆನೇ ಹೇಳಬಾರದಿತ್ತಾ?"

"ನೀವು ಕೇಳಿದ್ರಾ? ನಾನು ಸ್ಕೂಲಿಂದ ಬರೋದ್ರೊಳಗೆ ಬಸ್ಸು ಹತ್ತಿದ್ರಿ."

ಮಂಜುಗಡ್ಡೆ ಕರಗುತ್ತಿದ್ದ ನೀರಿಗೆ ಅದ್ದಿ ನೋಡಿದೆ. ಸೊನ್ನೆ ಬರಬೇಕಾದಲ್ಲಿ ಮೂರು. ಸುಳ್ಳು ಹೇಳುವುದನ್ನೇ ಆರಿಸಿ ತಂದಿದ್ದೆ. ಸರಿಯಾದದ್ದನ್ನು ನಾನೇ ಜಗಳ ಮಾಡಿ ಹಿಂತಿರುಗಿಸಿದ್ದೆ.

ನಾಚಿಕೆ ನುಂಗಿಕೊಂಡು ಅಂಗಡಿಗೆ ಫೋನ್ ಮಾಡಿದೆ. ಅದನ್ನು ಆಗಲೇ ಕಂಪನಿಗೆ ವಾಪಸ್ ಕಳಿಸಿಯಾಗಿತ್ತು. ವಿಷಯ ವಿವರಿಸಿ ಕ್ಷಮೆ ಕೇಳಿದೆ. ಯಜಮಾನರು, "ಹಾಗಾದ್ರೆ ಇಷ್ಟು ದಿನ ಕಮ್ಮಿ ತೋರಿಸುತ್ತೆ ಅಂತ ಗಿರಾಕಿಗಳಿಂದ ನಾನು ವಾಪಸ್ ತಗೊಂಡಿದ್ದೆಲ್ಲ ಸರಿಯಾಗೇ ಇತ್ತಾ ಸಾರ್?" ಎಂದರು.

ಇನ್ನೊಮ್ಮೆ ಬಸ್ಸು ಹತ್ತುವ ಮುಖ ನನಗಿರಲಿಲ್ಲ. ಡಬ್ಬಿಯ ಬೆನ್ನಿಗೆ 'ಮೂರು ಕಳೆಯಿರಿ' ಎಂದು ಚೀಟಿ ಅಂಟಿಸಿ ಅದನ್ನೇ ಬಳಸಿದೆ. ಮುಂದಿನ ಭಾನುವಾರ ಮಾಂಸ ಹದವಾಗಿ ಬೆಂದಿತ್ತು. ಅಕ್ಕ ಎರಡು ಸಲ ಹಾಕಿಸಿಕೊಂಡಳು. ಅಂಗಡಿ ಯಜಮಾನರ ಪ್ರಶ್ನೆ ನೆನಪಾಗಿ ನನಗೆ ಮಾತ್ರ ಅದರ ರುಚಿ ಹತ್ತಲಿಲ್ಲ.